ಹಳೇ ಗಾಡಿ, ಹೊಸ ಪ್ಲಗ್ಗು

ದೇವಸುಗೂರು ಅಂದ್ರೆ ನಮ್ಮ ಕ್ಲಾಸಿನಲ್ಲಿ ಯಾರಿಗೂ ಗೊತ್ತಾಗೋದಿಲ್ಲ. ಶಕ್ತಿನಗರ ಅಂದ್ರೆ ಕೆಲವರಿಗೆ ಗೊತ್ತಾಗುತ್ತದೆ. ಆರ್‌ಟಿಪಿಎಸ್ ಅಂದ ಕೂಡಲೇ ಎಲ್ಲರೂ "ಓ, ಆ ಥರ್ಮಲ್ ಪ್ಲಾಂಟ್ ಇರೋ ಊರಾ?" ಅಂತಾರೆ. ಹೌದು, ಅದೇ ಊರು. ಕೃಷ್ಣಾ ನದಿ ದಂಡೆ, ಸೂಗೂರೇಶ್ವರನ ಗುಡಿ, ಎತ್ತರದ ಚಿಮಣಿಗಳು, ರಸ್ತೆ ಮೇಲೆ ಬೂದಿ ಒಯ್ಯೋ ಟ್ಯಾಂಕರುಗಳು. ಪ್ಲಾಂಟಿನ ಮೊದಲ ಯುನಿಟ್ ಶುರುವಾದದ್ದು 1985ರಲ್ಲಿ. ಈಗ ಎಂಟು ಯುನಿಟ್ ಸೇರಿ 1720 ಮೆಗಾವಾಟ್. ಕನ್ನಡ ಸಂಘದ ಸೀನಿಯರ್ ಅಕ್ಕ "ನಿಮ್ಮೂರಿನ ಬಗ್ಗೆ ಏನಾದ್ರೂ ಬರಿ, ಥರ್ಮಲ್ ಪ್ಲಾಂಟ್ ಬಗ್ಗೆ ಆದ್ರೂ ಸರಿ" ಅಂದ್ರು. ಅಷ್ಟು ದೊಡ್ಡದರ ಬಗ್ಗೆ ಬರೆಯೋಕೆ ನನಗೆ ಬರೋದಿಲ್ಲ. ನಾನು ಬೆರಳುದ್ದದ ಒಂದು ಸಾಮಾನಿನ ಬಗ್ಗೆ ಬರೀತೀನಿ. ಅದು ಸ್ಪಾರ್ಕ್ ಪ್ಲಗ್. ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಊಟಕ್ಕೆ ಕೂತಾಗ ಹೆಚ್ಚು ಮಾತಾಡಿರೋದು ಅದರ ಬಗ್ಗೆನೇ.

ನಮ್ಮ ಅಪ್ಪನ ಹತ್ತಿರ ಒಂದು ಚಿಕ್ಕ ಟ್ರಕ್ ಇದೆ. ಯಾವ ಕಂಪನಿದು ಅನ್ನೋದು ಇಲ್ಲಿ ಮುಖ್ಯ ಅಲ್ಲ; ನಮ್ಮ ಕಡೆ ಅಂಥ ಗಾಡಿಗೆಲ್ಲಾ ಒಂದೇ ಹೆಸರು, ಛೋಟಾ ಹಾಥಿ. ದಿನಾ ನಸುಕಿನ ನಾಲ್ಕಕ್ಕೆ ಅಪ್ಪ ರಾಯಚೂರಿಗೆ ಹೋಗಿ ಉಸ್ಮಾನಿಯಾ ಮಾರ್ಕೆಟ್ಟಿನಿಂದ ತರಕಾರಿ ಹಾಕ್ಕೊಂಡು ಬರ್ತಾರೆ. ದೇವಸುಗೂರು, ಶಕ್ತಿನಗರದ ಕಾಲೋನಿ, ಒಮ್ಮೊಮ್ಮೆ ಹೊಳೆ ದಾಟಿ ತೆಲಂಗಾಣದ ಕಡೆಯ ಅಂಗಡಿಗಳಿಗೂ ಹಾಕಿ ಬರ್ತಾರೆ. ಹತ್ತಿ ಸೀಜನ್ನಿನಲ್ಲಿ ಮಾನ್ವಿ, ದೇವದುರ್ಗದ ಕಡೆಯಿಂದ ರಾಜೇಂದ್ರ ಗಂಜಿಗೆ ಬಾಡಿಗೆ ಹೊಡೀತಾರೆ. ಮಧ್ಯೆ ಯಾರಾದ್ರೂ ಮನೆ ಖಾಲಿ ಮಾಡೋರು ಕರೆದರೆ ಅದಕ್ಕೂ ಹೋಗ್ತಾರೆ.

"ಟ್ರಕ್ಕಿಗೆ ಎಲ್ಲಿಯ ಸ್ಪಾರ್ಕ್ ಪ್ಲಗ್ಗೋ, ಟ್ರಕ್ ಡೀಸೆಲ್ ಅಲ್ವಾ?" ಅಂತ ನನ್ನ ರೂಮ್‌ಮೇಟ್ ಕೇಳಿದ. ಸರಿಯಾದ ಪ್ರಶ್ನೆನೇ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಾಗಿಲ್ಲ. ಗಾಳಿಯನ್ನು ಎಷ್ಟು ಜೋರಾಗಿ ಒತ್ತುತ್ತದೆ ಅಂದ್ರೆ ಆ ಬಿಸಿಗೇ ಡೀಸೆಲ್ ಹತ್ತಿಕೊಳ್ಳುತ್ತದೆ. ನಮ್ಮೂರಿನ ಬೂದಿ ಟ್ಯಾಂಕರುಗಳಿಗೆಲ್ಲ ಹಾಗೇ. ಆದರೆ ಈಗ ಚಿಕ್ಕ ಟ್ರಕ್ಕುಗಳಲ್ಲಿ ಪೆಟ್ರೋಲ್ ಮಾಡೆಲ್ಲೂ ಬರ್ತವೆ. ಡೀಸೆಲ್ಲಿಗಿಂತ ಅಗ್ಗಕ್ಕೆ ಸಿಗ್ತವೆ. ನಮ್ಮದು ಅಂಥದ್ದು: ಎರಡು ಸಿಲಿಂಡರ್, ಎರಡು ಪ್ಲಗ್. ಕಾರಿನಲ್ಲಿ ನಾಲ್ಕು ಸಿಲಿಂಡರ್ ಇದ್ದು ಒಂದು ಕೈಕೊಟ್ಟರೆ ಇನ್ನೂ ಮೂರು ಇರ್ತವೆ. ಎರಡರಲ್ಲಿ ಒಂದು ಹೋದರೆ ಅರ್ಧ ಎಂಜಿನ್ನೇ ಹೋದಂಗೆ. ಹಿಂದೆ ಏಳು ಕ್ವಿಂಟಲ್ ಉಳ್ಳಾಗಡ್ಡಿ ಇರುವಾಗ ಅರ್ಧ ಎಂಜಿನ್ ಅಂದ್ರೆ ಏನು ಅನ್ನೋದು ನಮ್ಮ ಅಪ್ಪನಿಗೆ ಗೊತ್ತು.

ಗಾಡಿ ತಗೊಂಡಾಗ ಮೀಟರಿನಲ್ಲಿ 1,58,000 ಕಿಲೋಮೀಟರ್ ಇತ್ತು. ಬೇರೆ ಜಿಲ್ಲೆಯ ಒಬ್ಬ ಏಜೆಂಟ್ ಮಾರಿದ್ದು. ಇಂಥ ಗಾಡಿಯಲ್ಲಿ ಎಂಜಿನ್ ಸೀಟಿನ ಕೆಳಗೆ ಇರುತ್ತದೆ. ಮಾಮ ಸೀಟ್ ಎತ್ತಿ, ಪ್ಲಗ್ ಪಾನಾ ಹಾಕಿ ಎರಡೂ ಪ್ಲಗ್ ಬಿಚ್ಚಿ ನೋಡಿದ. ಎರಡೂ ಹೊಚ್ಚ ಹೊಸವು. ಪಿಂಗಾಣಿ ಹಾಲಿನಂಗೆ ಬೆಳ್ಳಗಿತ್ತು. "ನೋಡ್ರಿ, ಪ್ಲಗ್ ಸೈತ ಹೊಸಾವು ಹಾಕ್ಯಾನ, ಗಾಡಿ ಛಲೋ ಇಟ್ಟಾನ" ಅಂತ ಎಲ್ಲರಿಗೂ ಖುಷಿ. ಹತ್ತು ಕಿಲೋಮೀಟರ್ ಓಡಿಸಿ ನೋಡಿದರು, ಎಂಜಿನ್ ಗಡಿಯಾರದಂಗೆ ಇತ್ತು. ಉಳಿಸಿದ ರೊಕ್ಕ ಒಂದಿಷ್ಟು, ಫೈನಾನ್ಸಿನ ಸಾಲ ಒಂದಿಷ್ಟು, ಅವ್ವನ ಬಂಗಾರ ಒಂದಿಷ್ಟು ಸೇರಿ ಗಾಡಿ ಮನೆಗೆ ಬಂತು. ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಸೂಗೂರೇಶ್ವರನ ಗುಡಿ ಮುಂದೆ ನಿಲ್ಲಿಸಿ ಫೋಟೋ ತೆಗೆದಿವಿ.

ಎಂಟು ಸಾವಿರ ಕಿಲೋಮೀಟರ್ ಆಗೋದರೊಳಗೆ ಗಾಡಿ ಮಿಸ್ಸಿಂಗ್ ಹೊಡೆಯೋಕೆ ಶುರು ಮಾಡ್ತು.

ಮಿಸ್ಸಿಂಗ್ ಅನ್ನೋದನ್ನ ಕೇಳದೇ ಇದ್ದವರಿಗೆ ಹೇಳೋದು ಸ್ವಲ್ಪ ಕಷ್ಟ. ಎಂಜಿನ್ ನಿಂತಲ್ಲೇ ಕುಂಟಿದಂಗೆ ನಡುಗುತ್ತದೆ. ಸೀಟು, ಸ್ಟಿಯರಿಂಗ್, ಕನ್ನಡಿ ಎಲ್ಲಾ ಅಲುಗಾಡ್ತವೆ. ಸೈಲೆನ್ಸರಿನಿಂದ ಬಿಟ್ಟುಬಿಟ್ಟು ಸದ್ದು ಬರುತ್ತದೆ. ಕೃಷ್ಣಾ ಸೇತುವೆಯ ಕಡೆ ಲೋಡ್ ಹಾಕ್ಕೊಂಡು ಹೊರಟರೆ ಪಿಕಪ್ಪೇ ಇಲ್ಲ. ಹಿಂದಿನ ಟ್ಯಾಂಕರಿನವನ ಹಾರ್ನ್ ಮಾತ್ರ ಕೇಳ್ತಿರುತ್ತದೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತುತ್ತದೆ. ಆ ದೀಪ ಸುಮ್ಮನೆ ಹತ್ತಿಕೊಂಡಿದ್ದರೆ ನಿಧಾನಕ್ಕೆ ಗ್ಯಾರೇಜಿಗೆ ಹೋಗಬಹುದು, ಆದರೆ ಮಿಣುಕ್ತಾ ಇದ್ದರೆ ಕೂಡಲೇ ನಿಲ್ಲಿಸಬೇಕು. ಯಾಕಂದ್ರೆ ಸುಡದೇ ಉಳಿದ ಪೆಟ್ರೋಲ್ ಸೈಲೆನ್ಸರಿನ ದಾರಿಯಲ್ಲಿರೋ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಕನ್ವರ್ಟರಿನ ಒಳಗಿನ ಜಾಲಿ ಕರಗಿಬಿಡಬಹುದು. ಪ್ಲಗ್ಗಿನ ಬೆಲೆ ನೂರೈವತ್ತು ಇನ್ನೂರು ರೂಪಾಯಿ. ಕನ್ವರ್ಟರಿನ ಬೆಲೆ ಕೇಳಿದರೆ ಗಾಡಿ ಅಲ್ಲೇ ಬಿಟ್ಟು ಬರೋಣ ಅನ್ನಿಸುತ್ತದೆ.

ಈಗ ಸ್ವಲ್ಪ ಥಿಯರಿ. ಮೆಕ್ಯಾನಿಕಲ್‌ನವರು ಈ ಪ್ಯಾರಾ ದಾಟಿ ಮುಂದೆ ಹೋಗಬಹುದು. ಬ್ಯಾಟರಿಯಲ್ಲಿ ಇರೋದು 12 ವೋಲ್ಟ್. ಇಗ್ನಿಷನ್ ಕಾಯಿಲ್ ಅದನ್ನು 20 ಸಾವಿರ ವೋಲ್ಟಿನ ಆಚೀಚೆಗೆ ಏರಿಸುತ್ತದೆ. ಪ್ಲಗ್ಗಿನ ನಡುವಿನ ಕಡ್ಡಿಯಿಂದ ಪಕ್ಕದ ಕೊಕ್ಕೆಗೆ ಒಂದು ಮಿಲಿಮೀಟರಿನ ಆಸುಪಾಸು ಸಂದು ಇರುತ್ತದೆ. ಕರಂಟು ಆ ಸಂದನ್ನು ಹಾರಿದಾಗ ಕಿಡಿ. ಎಂಜಿನ್ 3000 ಆರ್‌ಪಿಎಮ್ ಓಡ್ತಿದೆ ಅಂದುಕೊಳ್ಳಿ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದು ಕಿಡಿ, ಅಂದ್ರೆ ಒಂದು ಪ್ಲಗ್ಗಿನಲ್ಲಿ ಸೆಕೆಂಡಿಗೆ 25 ಕಿಡಿ. ಗಂಟೆಗೆ 40 ಕಿಲೋಮೀಟರ್ ಸ್ಪೀಡಿನಲ್ಲಿ ಹೋದರೆ ಕಿಲೋಮೀಟರಿಗೆ 2250. ನಲವತ್ತು ಸಾವಿರ ಕಿಲೋಮೀಟರ್ ಓಡಿದ ಪ್ಲಗ್ಗು 9 ಕೋಟಿ ಸಲ ಕಿಡಿ ಹೊಡೆದಿರುತ್ತದೆ. ಪ್ರತಿ ಕಿಡಿಗೂ ಲೋಹ ಸವೆಯುತ್ತದೆ, ಸಂದು ದೊಡ್ಡದಾಗುತ್ತದೆ. ಸಂದು ದೊಡ್ಡದಾದಷ್ಟೂ ಹೆಚ್ಚು ವೋಲ್ಟ್ ಬೇಕು, ಕಾಯಿಲ್ ಮೇಲೆ ಭಾರ. ಸಾಮಾನ್ಯ ನಿಕ್ಕಲ್ ಪ್ಲಗ್ಗನ್ನು 20ರಿಂದ 40 ಸಾವಿರ ಕಿಲೋಮೀಟರಿಗೆ ಬದಲಿಸಿ ಅನ್ನೋದು ಇದಕ್ಕೇ. ಇರಿಡಿಯಮ್ ಪ್ಲಗ್ಗು ಬಾಳಿಕೆ ಜಾಸ್ತಿ, ದುಡ್ಡೂ ಜಾಸ್ತಿ.

ಆದರೆ ನಮ್ಮದು ಸವೆತದ ಕೇಸ್ ಅಲ್ಲ. ಎಂಟೇ ಸಾವಿರಕ್ಕೆ ಸವೆಯೋದಿಲ್ಲ. ಬಿಚ್ಚಿ ನೋಡಿದರೆ ಒಂದನೇ ಸಿಲಿಂಡರಿನ ಪ್ಲಗ್ಗು ಬಿಸ್ಕತ್ತಿನ ಬಣ್ಣಕ್ಕಿತ್ತು. ಎರಡನೇದು ಕಪ್ಪು, ಒದ್ದೆ, ಬೆರಳಿಗೆ ಅಂಟೋ ಜಿಡ್ಡು.

ದೇವಸುಗೂರಿನ ರಸ್ತೆ ಪಕ್ಕ ನಾವು ಹೋಗೋ ಗ್ಯಾರೇಜಿನಲ್ಲಿ ಒಬ್ಬರು ಚಾಚಾ ಇದ್ದಾರೆ. ಯೆಜ್ದಿ ಕಾಲದಿಂದ ಕೆಲಸ ಮಾಡಿದವರು. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ತಯಾರಾಗ್ತಿದ್ದ ಆ ಬೈಕುಗಳಲ್ಲಿ ಪೆಟ್ರೋಲಿಗೇ ಆಯಿಲ್ ಕಲಸಿ ಹಾಕ್ತಿದ್ದರು, ಹಾಗಾಗಿ ಪ್ಲಗ್ ಕಪ್ಪಾಗೋದು ದಿನದ ಮಾತು. ಓಡಿಸೋರ ಜೇಬಿನಲ್ಲಿ ಒಂದು ಪ್ಲಗ್ಗು ಇದ್ದೇ ಇರ್ತಿತ್ತಂತೆ. ಚಾಚಾಗೆ ಇವತ್ತಿಗೂ ಎಲ್ಲಾ ಪ್ಲಗ್ಗಿನ ಹೆಸರು ಒಂದೇ, ಮೈಕೋ. "ಹೋಗಿ ಎರಡು ಮೈಕೋ ತಗೊಂಡು ಬಾ" ಅಂತ ಹುಡುಗನನ್ನು ಕಳಿಸ್ತಾರೆ. ಅವನು ಅಂಗಡಿಯಲ್ಲಿ ಸಿಕ್ಕ ಕಂಪನಿದು ತರ್ತಾನೆ. ನಾನು ಬೆಂಗಳೂರಿಗೆ ಬಂದ ಮೇಲೆ ಬಸ್ಸಿನ ಬೋರ್ಡಿನಲ್ಲಿ ಮೈಕೋ ಲೇಔಟ್ ಅಂತ ನೋಡಿ ನಕ್ಕಿದ್ದೆ. ಆಮೇಲೆ ತಿಳೀತು, 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯೇ ಮೈಕೋ, ಆಡುಗೋಡಿಯಲ್ಲಿದ್ದ ದೊಡ್ಡ ಫ್ಯಾಕ್ಟರಿ ಅದರದ್ದೇ, 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಾಯಿತು. ಪ್ಲಗ್ಗಿನ ಕಥೆಯಲ್ಲಿ ಬಾಷ್ ಹೆಸರು ಇನ್ನೂ ಹಿಂದಿನಿಂದ ಇದೆ. ಆ ಕಂಪನಿಯ ಎಂಜಿನಿಯರ್ ಗೊಟ್ಲೋಬ್ ಹೊನೋಲ್ಡ್ 1902ರಲ್ಲಿ ಹೈ ವೋಲ್ಟೇಜ್ ಮ್ಯಾಗ್ನೆಟೋ ಮತ್ತು ಅದಕ್ಕೆ ಹೊಂದೋ ಪ್ಲಗ್ ಮಾಡಿದ ಮೇಲೇ ಮೋಟಾರು ಗಾಡಿಗಳು ಜೋರಾಗಿ ಓಡೋಕೆ ಆಗಿದ್ದು. ಇದನ್ನ ಚಾಚಾಗೆ ಹೇಳಿದೆ. "ಅದಕ್ಕ ನಾ ಮೈಕೋ ಅಂತೀನಿ" ಅಂದ್ರು.

ಡಾಕ್ಟರು ನಾಲಿಗೆ ನೋಡಿದಂಗೆ ಚಾಚಾ ಪ್ಲಗ್ಗನ್ನ ನೋಡ್ತಾರೆ. ಕಂದು ಇದ್ದರೆ ಆರೋಗ್ಯ ಸರಿ ಇದೆ. ಒಣಗಿದ ಕರೀ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಬೆಳ್ಳಗಾಗಿ ಸಣ್ಣ ಗುಳ್ಳೆ ಎದ್ದಿದ್ದರೆ ಎಂಜಿನ್ ಅತಿ ಬಿಸಿ. ಕಪ್ಪಾಗಿ ಒದ್ದೆ ಇದ್ದರೆ ಆಯಿಲ್ ಒಳಗೆ ಬರ್ತಿದೆ. ಆಯಿಲ್ ಸುಟ್ಟು ಪಿಂಗಾಣಿ ಮೇಲೆ ಇಂಗಾಲದ ಪದರ ಕೂರುತ್ತದೆ, ಆ ಪದರದ ಮೇಲೆ ಕರಂಟು ಹರಿದು ಹೋಗುತ್ತದೆ. ಸಂದು ಹಾರೋ ಕಷ್ಟ ಯಾಕೆ ತಗೊಳ್ಳುತ್ತದೆ? ಕಿಡಿ ಬರೋದಿಲ್ಲ. ಹೊಸ ಪ್ಲಗ್ ಹಾಕಿದರೆ ಪಿಂಗಾಣಿ ಸ್ವಚ್ಛ, ಗಾಡಿ ಮತ್ತೆ ಛಲೋ. ಒಂದಿಷ್ಟು ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ಅದೇ ಕಥೆ.

ಚಾಚಾ ಅವತ್ತು ಆ ಕರೀ ಪ್ಲಗ್ಗನ್ನ ಅಪ್ಪನ ಕೈಗೆ ಕೊಟ್ಟು ಹೇಳಿದ್ದು ಇಷ್ಟೇ: "ಇದು ಪ್ಲಗ್ಗಿನ ಬೀಮಾರಿ ಅಲ್ರೀ. ಪ್ಲಗ್ಗು ಬರೇ ಹೇಳಾಕತ್ತೈತಿ."

ಆಗ ಗೊತ್ತಾಯಿತು, ಗಾಡಿ ತಗೊಂಡಾಗ ಆ ಎರಡು ಬಿಳೀ ಪ್ಲಗ್ಗು ಯಾಕಿದ್ದವು ಅಂತ. ಪ್ಲಗ್ಗಿಗೆ ಬಣ್ಣ ಬರೋಕೆ ನೂರಾರು ಕಿಲೋಮೀಟರ್ ಓಡಬೇಕು. ಹತ್ತು ಕಿಲೋಮೀಟರ್ ಟ್ರಯಲ್ಲಿನಲ್ಲಿ ಹೊಸ ಪ್ಲಗ್ಗು ಏನೂ ಹೇಳೋದಿಲ್ಲ. ಒಂದೂವರೆ ಲಕ್ಷ ಓಡಿದ ಎಂಜಿನ್ನಿನ ಹಿಸ್ಟರಿ ಇರೋದು ಹಳೇ ಪ್ಲಗ್ಗಿನಲ್ಲಿ, ಅದನ್ನ ಮೊದಲೇ ಬಿಸಾಕಿರ್ತಾರೆ. ಇದನ್ನ ನಾನು ಯಾವ ಪುಸ್ತಕದಲ್ಲೂ ಓದಿಲ್ಲ, ಆದರೆ ನೀವು ಯಾರಾದ್ರೂ ಸೆಕೆಂಡ್‌ಹ್ಯಾಂಡ್ ಗಾಡಿ, ಬೈಕೇ ಆಗಲಿ, ತಗೋವಾಗ ಪ್ಲಗ್ಗು ಹೊಸದು ಕಂಡರೆ "ಹಳೇವು ಎಲ್ಲಿ?" ಅಂತ ಕೇಳಿ. ಪ್ರಾಮಾಣಿಕ ಮನುಷ್ಯ ಆದರೆ ಡಿಕ್ಕಿಯಿಂದ ತೆಗೆದು ತೋರಿಸ್ತಾನೆ, ಇಲ್ಲಾ ಅಂದ್ರೆ ಗಾಡಿಯನ್ನ ಒಂದು ರಾತ್ರಿ ನಿಲ್ಲಿಸಿ ಬೆಳಿಗ್ಗೆ ತಣ್ಣಗಿದ್ದಾಗ ನಿಮ್ಮ ಕೈಯಿಂದಲೇ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಹಿಂದೆ ಒಬ್ಬರನ್ನ ನಿಲ್ಲಿಸಿ. ನೀಲಿ ಹೊಗೆ ಬಂದರೆ ಆಯಿಲ್ ಸುಡ್ತಿದೆ.

ನಮ್ಮೂರಿನಲ್ಲಿ ಪ್ಲಗ್ ಬಿಚ್ಚೋದಕ್ಕೂ ಒಂದು ರೀತಿ ಇದೆ. ಎಂಜಿನ್ ಪೂರ್ತಿ ತಣ್ಣಗಾಗಬೇಕು, ಯಾಕಂದ್ರೆ ಹೆಡ್ಡು ಅಲ್ಯೂಮಿನಿಯಮ್, ಬಿಸಿ ಇದ್ದಾಗ ಬಿಚ್ಚಿದರೆ ಥ್ರೆಡ್ಡು ಕಿತ್ತು ಬರಬಹುದು. ಅದು ಎಲ್ಲಾ ಕಡೆಗೂ ಒಂದೇ. ಆದರೆ ಚಾಚಾ ಬಿಚ್ಚೋಕೆ ಮುಂಚೆ ಪ್ಲಗ್ಗಿನ ಗುಂಡಿಗೆ ಗಾಳಿ ಪೈಪು ಹಿಡಿದು ಎರಡು ನಿಮಿಷ ಊದ್ತಾರೆ. ಅಲ್ಲಿಂದ ಬೂದುಬಣ್ಣದ ಹಿಟ್ಟಿನಂಥಾ ಧೂಳು ಏಳುತ್ತದೆ. ಹಾರುಬೂದಿ. ಅದರಲ್ಲಿ ಮುಖ್ಯವಾಗಿ ಇರೋದು ಸಿಲಿಕಾ ಮತ್ತು ಅಲ್ಯೂಮಿನಾ. ಪ್ಲಗ್ಗಿನ ಪಿಂಗಾಣಿ ಮಾಡೋದೂ ಅಲ್ಯೂಮಿನಾದಿಂದಲೇ, 20 ಸಾವಿರ ವೋಲ್ಟ್ ತಡೆಯೋ ಅಷ್ಟು ಗಟ್ಟಿ ವಸ್ತು. ಆ ಗಟ್ಟಿ ಪುಡಿ ಪ್ಲಗ್ ತೂತಿನಿಂದ ಸಿಲಿಂಡರಿನೊಳಗೆ ಬಿದ್ದರೆ ಎಮರಿ ಪೇಪರ್ ಹಾಕಿ ತಿಕ್ಕಿದಂಗೆ. ಏರ್ ಫಿಲ್ಟರ್ ಸರಿಯಾಗಿ ಕೂರದೇ ಪಕ್ಕದಿಂದ ಗಾಳಿ ಎಳ್ಕೊಂಡರೂ ಅದೇ ಗತಿ: ರಿಂಗು ಸವೀತದೆ, ಆಯಿಲ್ ಮೇಲೆ ಬರ್ತದೆ, ಪ್ಲಗ್ಗು ಕಪ್ಪಾಗ್ತದೆ. ಆದ್ದರಿಂದ ನಮ್ಮ ಕಡೆ ಪ್ಲಗ್ಗಿನ ಮೇಂಟೆನೆನ್ಸ್ ಶುರುವಾಗೋದು ಏರ್ ಫಿಲ್ಟರಿನಿಂದ.

ನೀರಿನದೂ ಒಂದು ಕಾಟ ಇದೆ. ಆಯುಧ ಪೂಜೆ ದಿನ ಎಲ್ಲರೂ ಗಾಡಿಯನ್ನ ಪ್ರೆಶರ್ ಪಂಪಿನಲ್ಲಿ ತೊಳೀತಾರೆ. ಸೀಟ್ ಎತ್ತಿ ಎಂಜಿನ್ನಿಗೂ ನೀರು ಹೊಡೀತಾರೆ. ನೀರು ಪ್ಲಗ್ಗಿನ ಗುಂಡಿಯಲ್ಲಿ ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಕುಂಬಳಕಾಯಿ, ಹೂವಿನ ಹಾರದ ಸಮೇತ ನಾಲ್ಕೈದು ಗಾಡಿ ಚಾಚಾ ಗ್ಯಾರೇಜಿನ ಮುಂದೆ ಕುಂಟ್ತಾ ನಿಂತಿರ್ತವೆ. ಚಾಚಾ ಕಾಯಿಲ್ ತೆಗೆದು ಬಟ್ಟೆಯಿಂದ ನೀರು ಹೀರಿಸಿ ಕಳಿಸ್ತಾರೆ. "ನನಗ ದಸರಾ ಬೋನಸ್" ಅಂತಾರೆ.

ಯಾವ ಪ್ಲಗ್ಗು ಕೆಟ್ಟಿದೆ ಅಂತ ಕಂಡುಹಿಡಿಯೋಕೆ ಕಾಲೇಜಿನವರು ಸ್ಕ್ಯಾನರ್ ಹಾಕಿ ಕೋಡ್ ನೋಡ್ತೀವಿ. ಪಿ0301 ಬಂದರೆ ಒಂದನೇ ಸಿಲಿಂಡರ್, ಪಿ0302 ಬಂದರೆ ಎರಡನೇದು. ಚಾಚಾ ಎಂಜಿನ್ ಓಡ್ತಿರುವಾಗ ಒಂದು ಕಾಯಿಲಿನ ಕನೆಕ್ಟರ್ ಕೀಳ್ತಾರೆ. ಎಂಜಿನ್ ಸತ್ತೇ ಹೋಗೋ ಹಾಗೆ ಆದರೆ ಆ ಕಡೆದು ಸರಿ ಇತ್ತು ಅಂತ. ಕಿತ್ತರೂ ಸದ್ದಿನಲ್ಲಿ ಫರಕ್ಕೇ ಇಲ್ಲ ಅಂದ್ರೆ ಅದೇ ಕೆಲಸಗಳ್ಳ. ಪ್ಲಗ್ಗೋ ಕಾಯಿಲ್ಲೋ ಅಂತ ಅನುಮಾನ ಬಂದರೆ ಎರಡೂ ಕಾಯಿಲ್ ಅದಲು ಬದಲು ಮಾಡ್ತಾರೆ. ಕಾಯಿಲೆ ಕಾಯಿಲ್ ಜೊತೆ ಆ ಕಡೆ ಹೋದರೆ ಕಾಯಿಲ್ ಕೆಟ್ಟಿದೆ, ಅಲ್ಲೇ ಉಳಿದರೆ ಪ್ಲಗ್ಗು ಅಥವಾ ಒಳಗಿನದು. ಸ್ಕ್ಯಾನರಿಗೆ ಅದನ್ನ ಹೇಳೋಕೆ ಬರೋದಿಲ್ಲ, ಅದಕ್ಕೆ ಸಿಲಿಂಡರ್ ನಂಬರ್ ಅಷ್ಟೇ ಗೊತ್ತು.

ಒಂದೂವರೆ ವರ್ಷ ಹೀಗೇ ನಡೀತು. ನಾಲ್ಕೈದು ತಿಂಗಳಿಗೊಂದು ಪ್ಲಗ್ಗು, 1500 ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್. ಅಪ್ಪ ಸೀಟಿನ ಹಿಂದೆ ಆಯಿಲ್ ಡಬ್ಬಿ, ಪ್ಲಗ್ ಪಾನಾ, ಒಂದು ಹೊಸ ಪ್ಲಗ್ಗು ಇಟ್ಟುಕೊಂಡೇ ಇರ್ತಿದ್ದರು. ಟಾರ್ಚನ್ನು ಬಾಯಲ್ಲಿ ಹಿಡಿದು ನಸುಕಿನ ಕತ್ತಲಲ್ಲೇ ಪ್ಲಗ್ ಬದಲಿಸೋದನ್ನ ಕಲಿತಿದ್ದರು. ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಬೇಕು, ಪಾನಾ ಹಾಕಿ ಶುರು ಮಾಡಬಾರದು. ಕೈಗೆ ಬಿಗಿಯಾದ ಮೇಲೆ ಹೊಸ ವಾಷರ್ ಇದ್ದರೆ ಅರ್ಧ ಸುತ್ತಿನಷ್ಟು, ಅಷ್ಟೇ. ಜಾಸ್ತಿ ಬಲ ಹಾಕಿದರೆ ಹೆಡ್ಡಿನ ಥ್ರೆಡ್ಡೇ ಹೋಗುತ್ತದೆ. ಅಪ್ಪ ಓದಿದ್ದು ಏಳನೇ ಕ್ಲಾಸು. ನಮ್ಮ ಲ್ಯಾಬಿನಲ್ಲಿ ಟಾರ್ಕ್ ರೆಂಚ್ ಹಿಡಿಯೋರಲ್ಲಿ ಅರ್ಧ ಜನಕ್ಕಿಂತ ಅವರ ಕೈ ಚೆನ್ನಾಗಿದೆ, ಇದನ್ನ ಮಗ ಅಂತ ಹೇಳ್ತಿಲ್ಲ.

ರಾಯಚೂರಿನ ಒಂದು ಸ್ಪೇರ್ ಅಂಗಡಿಯವರು ಒಂದು ಉಪಾಯ ಹೇಳಿದರು. "ಒಂದು ನಂಬರ್ ಬಿಸಿ ಪ್ಲಗ್ ಹಾಕ್ರಿ, ಆಯಿಲ್ ಅಲ್ಲೇ ಸುಟ್ಟು ಹೋಗ್ತದ." ಪ್ಲಗ್ಗಿಗೆ ಹೀಟ್ ರೇಂಜ್ ಅಂತ ಇರುತ್ತದೆ. ಪ್ಲಗ್ಗಿನ ತುದಿ ಸುಮಾರು 500 ಡಿಗ್ರಿ ದಾಟಿದರೆ ಮೇಲೆ ಕೂತ ಮಸಿ ತಾನೇ ಸುಟ್ಟು ಹೋಗುತ್ತದೆ. 850 ದಾಟಿದರೆ ಅಪಾಯದ ಕಡೆ ಹೊರಟಿತು ಅಂತ. ಬಿಸಿ ಪ್ಲಗ್ಗು ಅಂದ್ರೆ ಶಾಖವನ್ನು ನಿಧಾನಕ್ಕೆ ಹೊರಗೆ ಬಿಡೋದು, ತಣ್ಣನೆಯದು ಅಂದ್ರೆ ಬೇಗ ಬಿಡೋದು. ಇದರಲ್ಲಿ ಒಂದು ತಮಾಷೆ ಇದೆ: ಎನ್‌ಜಿಕೆ ಪ್ಲಗ್ಗಿನಲ್ಲಿ ನಂಬರ್ ದೊಡ್ಡದಾದಷ್ಟೂ ತಣ್ಣಗೆ, ಬಾಷ್ ಪ್ಲಗ್ಗಿನಲ್ಲಿ ನಂಬರ್ ದೊಡ್ಡದಾದಷ್ಟೂ ಬಿಸಿ. ಥ್ರೆಡ್ ಎರಡರದೂ ಒಂದೇ ಇರಬಹುದು, ಸಲೀಸಾಗಿ ಕೂರುತ್ತದೆ, ಒಳಗೆ ಹೋದ ಮೇಲೆ ಕೆಲಸ ಬೇರೆ. ಮಾಮ ಮತ್ತು ಅಂಗಡಿಯವರ ನಡುವೆ ಇದರ ಮೇಲೆ ಅರ್ಧ ಗಂಟೆ ವಾದ ಆಯಿತು. ಇಬ್ಬರ ಮಾತೂ ಸರಿನೇ, ಇಬ್ಬರೂ ಬೇರೆ ಬೇರೆ ಕಂಪನಿ ಪ್ಲಗ್ಗಿನ ಬಗ್ಗೆ ಮಾತಾಡ್ತಿದ್ದರು.

ಚಾಚಾ ಆ ಉಪಾಯ ಒಪ್ಪಲಿಲ್ಲ. ಹಳೇ ಬೈಕುಗಳಿಗೆ ಅವರೇ ಅದನ್ನ ಮಾಡಿದ್ದಾರಂತೆ. ಆದರೆ ರಾಯಚೂರಿನ ಬೇಸಿಗೆ 42 ಡಿಗ್ರಿ ದಾಟಿರುವಾಗ, ಲೋಡ್ ಹಾಕ್ಕೊಂಡು, ಬಿಸಿ ಪ್ಲಗ್ಗಿನ ಮೇಲೆ ಓಡಿಸಿದರೆ ತುದಿ ಕೆಂಡದಂಗಾಗಿ ಕಿಡಿಗೂ ಮುಂಚೆನೇ ಪೆಟ್ರೋಲ್ ಹತ್ತಿಸಿಬಿಡುತ್ತದೆ. ಪಿಸ್ಟನ್ನಿಗೆ ತೂತು ಬೀಳುತ್ತದೆ. "ಮಗನ ಫೀಸ್ ಕಟ್ಟಾದು ಬಿಟ್ಟು ಪಿಸ್ಟನ್ ಕಟ್ಟಬೇಕಾಗ್ತದ" ಅಂದ್ರು. ಅಪ್ಪ ಮತ್ತೆ ಆ ಮಾತು ಎತ್ತಲಿಲ್ಲ.

ಈ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಗಾಡಿ 1,90,000 ದಾಟಿತ್ತು, ಮನೆಯಲ್ಲಿ ಎಲ್ಲರ ಮುಖ ಸಣ್ಣಗಾಗಿತ್ತು. ಬೇರೆ ಒಂದು ಗ್ಯಾರೇಜಿನಲ್ಲಿ ರಿಂಗ್ ಹೋಗ್ಯಾವ, ಎಂಜಿನ್ ಇಳಿಸಬೇಕು, 38 ಸಾವಿರ ಅಂದಿದ್ದರಂತೆ. ಫೈನಾನ್ಸಿನ ಕಂತು ಇನ್ನೂ ಹದಿನಾಲ್ಕು ತಿಂಗಳು ಇತ್ತು. ತಂಗಿಯ ಪಿಯುಸಿ ಅಡ್ಮಿಷನ್ ಬೇರೆ. ಅಪ್ಪ ಗಾಡಿ ಮಾರೋದು ಅಂತ ತೀರ್ಮಾನ ಮಾಡಿದ್ದರು. ಮಾರಿ, ಸಾಲ ತೀರಿಸಿ, ಮತ್ತೆ ಇನ್ನೊಬ್ಬರ ಗಾಡಿಗೆ ಡ್ರೈವರ್ ಆಗಿ ಹೋಗೋದು.

ದೇವದುರ್ಗದ ಕಡೆಯಿಂದ ಒಬ್ಬ ಹುಡುಗ ನೋಡೋಕೆ ಬಂದ. ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು, ಜೊತೆಗೆ ಅವನ ಕಾಕಾ. ಹಿಂದಿನ ವಾರವೇ ಅಪ್ಪ ಹೊಸ ಪ್ಲಗ್ ಹಾಕಿದ್ದರು, ಹಾಗಾಗಿ ಗಾಡಿ ಅವತ್ತು ಮದುಮಗನಂಗೆ ಇತ್ತು. ಹುಡುಗ ಓಡಿಸಿ ನೋಡಿದ, ಖುಷಿಯಾದ. ಅವನ ಕಾಕಾ ಸೀಟ್ ಎತ್ತಿ ಪ್ಲಗ್ಗು ಬಿಚ್ಚಿ ನೋಡಿದರು. "ಪ್ಲಗ್ ಹೊಸಾವು ಅದಾವ" ಅಂದ್ರು. ಅದೇ ಮಾತು, ನಮ್ಮ ಮಾಮನ ದನಿಯಲ್ಲೇ ಅಂದಂಗೆ ಇತ್ತು. ಅವ್ವ ಚಾ ತಂದು ಕೊಟ್ಟಳು. ರೇಟಿನ ಮಾತು ಕೂಡಾ ಹೆಚ್ಚುಕಡಿಮೆ ಮುಗೀತು.

ಆಗ ಅಪ್ಪ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದರು. ಅದರಲ್ಲಿ ಎರಡು ವರ್ಷದ ಹಳೇ ಪ್ಲಗ್ಗುಗಳು. ಒಂದೊಂದನ್ನೂ ಕಟ್ಟೆ ಮೇಲೆ ಸಾಲಾಗಿ ಇಟ್ಟರು. "ನೋಡಪ, ಎರಡನೇ ಸಿಲಿಂಡರ್ ಆಯಿಲ್ ತಿಂತೈತಿ. ಹದಿನೈದು ನೂರಕ್ಕ ಒಂದು ಲೀಟರ್. ಇವು ಹೊಸಾವು ಅಂತ ನೋಡಬ್ಯಾಡ." ಕಾಕಾ ಒಂದು ಪ್ಲಗ್ ಎತ್ತಿ ಮೂಸಿ ನೋಡಿ ಕೆಳಗಿಟ್ಟರು. ಹುಡುಗ ಚಾ ಪೂರ್ತಿ ಕುಡೀಲಿಲ್ಲ. ಇಬ್ಬರೂ ಹೋದರು.

ಅವ್ವ ಅವತ್ತು ರಾತ್ರಿ ಅಪ್ಪನ ಜೊತೆ ಮಾತಾಡಲಿಲ್ಲ. ಅವಳ ಸಿಟ್ಟು ತಪ್ಪು ಅಂತ ನನಗೆ ಅನ್ನಿಸೋದಿಲ್ಲ. ಗಾಡಿಯಲ್ಲಿ ಹೋಗಿದ್ದು ಅವಳ ಬಂಗಾರ. "ನಮಗ ಹೇಳಿದ್ನೇನು ಆ ಏಜೆಂಟು?" ಅಂತ ಒಂದು ಸಲ ಕೇಳಿದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗನೂ ಬಡ್ಡಿ ರೊಕ್ಕನ ತಂದಿರ್ತಾನ" ಅಂದರು. ನಾನು ಇಬ್ಬರ ನಡುವೆ ಏನು ಹೇಳಬೇಕು ಅಂತ ತಿಳೀದೇ ತಟ್ಟೆ ತೊಳೆಯೋಕೆ ಎದ್ದೆ.

ಮರುದಿನ ನಾನು, ಅಪ್ಪ ಚಾಚಾ ಹತ್ತಿರ ಹೋದಿವಿ. ನಮಗೆ ಐಸಿ ಎಂಜಿನ್ ಪಾಠದಲ್ಲಿ ಕಂಪ್ರೆಷನ್ ಟೆಸ್ಟ್ ಬಗ್ಗೆ ಹೇಳಿದ್ದರು. ರಿಂಗ್ ಹೋಗಿದೆ ಅಂತ ಹೇಳಿದ ಆ ಗ್ಯಾರೇಜಿನವರು ಅದನ್ನ ಮಾಡಿದ್ದಾರಾ ಅಂತ ಕೇಳಿದೆ. ಇಲ್ಲ, ಹೊಗೆ ನೋಡಿ ಹೇಳಿದರಂತೆ. ಚಾಚಾ ಗೇಜ್ ತೆಗೆದರು. "ಸಾಹೇಬ್ರು ಹೇಳ್ಯಾರ, ಮಾಡಾಣು."

ಈ ಟೆಸ್ಟ್ ಕೂಡಾ ಪ್ಲಗ್ಗಿನ ತೂತಿನಿಂದಲೇ. ಎಂಜಿನ್ ಬಿಸಿ ಮಾಡಿಕೊಂಡು, ಎರಡೂ ಪ್ಲಗ್ ತೆಗೆದು, ಪೆಟ್ರೋಲ್ ಮತ್ತು ಕಾಯಿಲಿನ ಕನೆಕ್ಷನ್ ಬಿಡಿಸಿ, ಪ್ಲಗ್ಗಿನ ಜಾಗದಲ್ಲಿ ಗೇಜ್ ತಿರುಗಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೀಬೇಕು. ಒಂದನೇದು 165 ಪಿಎಸ್‌ಐ. ಎರಡನೇದು 155. ಆಮೇಲೆ ಎರಡನೇದರ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಹೊಡೆದರು. ರಿಂಗ್ ಸವೆದಿದ್ದರೆ ಆ ಆಯಿಲ್ ಸಂದು ಮುಚ್ಚಿ ಪ್ರೆಶರ್ ಒಮ್ಮೆಲೇ ಏರಬೇಕು. ಏರಿದ್ದು 160ಕ್ಕೆ. ಚಾಚಾ ಗೇಜನ್ನೂ ಅಪ್ಪನನ್ನೂ ನೋಡಿ, "ರಿಂಗ್ ಗಟ್ಟಿ ಅದಾವ್ರೀ. ಇದು ಮ್ಯಾಲಿಂದ ಇಳಿಯಾಕತ್ತೈತಿ" ಅಂದ್ರು. ಅಂದ್ರೆ ವಾಲ್ವ್ ಸೀಲ್. ವಾಲ್ವಿನ ಕಡ್ಡಿ ಸುತ್ತ ಇರೋ ರಬ್ಬರಿನ ಟೋಪಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಭುಸ್ ಅಂತ ಬಂದು ಆಮೇಲೆ ಕಡಿಮೆ ಆಗ್ತಿದ್ದದ್ದಕ್ಕೂ ಅದು ಹೊಂದಿತು: ರಾತ್ರಿಯೆಲ್ಲಾ ಆಯಿಲ್ ಹನಿಹನಿಯಾಗಿ ಕೆಳಗೆ ಇಳಿದಿರುತ್ತದೆ.

ಹೆಡ್ಡು ಇಳಿಸಬೇಕಲ್ಲ ಅಂದುಕೊಂಡೆ. ಚಾಚಾ ಹುಡುಗನನ್ನ ಕಳಿಸಿ ನೈಲಾನ್ ಹಗ್ಗ ತರಿಸಿದರು. ಸೀಲ್ ಬದಲಿಸೋಕೆ ವಾಲ್ವಿನ ಸ್ಪ್ರಿಂಗ್ ತೆಗೀಬೇಕು. ಸ್ಪ್ರಿಂಗ್ ತೆಗೆದರೆ ವಾಲ್ವು ಸಿಲಿಂಡರಿನೊಳಗೆ ಬಿದ್ದುಬಿಡುತ್ತದೆ. ಅದಕ್ಕೆ, ಪಿಸ್ಟನ್ ಸ್ವಲ್ಪ ಕೆಳಗಿರುವಾಗ ಪ್ಲಗ್ಗಿನ ತೂತಿನಿಂದ ಹಗ್ಗವನ್ನ ಮೊಳಗಟ್ಟಲೆ ಒಳಗೆ ತುರುಕಿದರು. ತುದಿಗೆ ಗಂಟು ಹಾಕಿ ಹೊರಗೇ ಬಿಟ್ಟರು. ಆಮೇಲೆ ಎಂಜಿನ್ನನ್ನ ಕೈಯಿಂದ ತಿರುಗಿಸಿ ಪಿಸ್ಟನ್ ಮೇಲಕ್ಕೆ ತಂದರು. ಹಗ್ಗದ ಮುದ್ದೆ ವಾಲ್ವುಗಳನ್ನ ಕೆಳಗಿನಿಂದ ಒತ್ತಿ ಹಿಡೀತು. ಮೇಲಿನಿಂದ ಸ್ಪ್ರಿಂಗ್ ಬಿಚ್ಚಿ, ಸೀಲ್ ಬದಲಿಸಿ, ಸ್ಪ್ರಿಂಗ್ ಹಾಕಿ, ಹಗ್ಗ ಎಳೆದುಕೊಂಡರು. ಮೂರನೇ ಸೆಮಿಸ್ಟರಿನಲ್ಲಿ ಆಟೋ ಸೈಕಲ್ಲಿನ ಪಿ-ವಿ ಡಯಾಗ್ರಾಮ್ ಎಷ್ಟು ಸಲ ಬರೆದಿದ್ದೀನೋ, ಸಿಲಿಂಡರಿನೊಳಗೆ ಹಗ್ಗ ಹಾಕಬಹುದು ಅಂತ ಒಮ್ಮೆನೂ ಹೊಳೆದಿರಲಿಲ್ಲ.

ಹೊರಗೆ ಬಂದ ಹಳೇ ಸೀಲ್ ರಬ್ಬರ್ ಅನ್ನೋ ಹಾಗೇ ಇರಲಿಲ್ಲ. ಉಗುರಿನಿಂದ ಒತ್ತಿದರೆ ತಗ್ಗು ಬೀಳಲಿಲ್ಲ, ಬಟನ್ ಪ್ಲಾಸ್ಟಿಕ್ಕಿನ ಥರ ಟಕ್ ಅಂತ ಮುರೀತು. ಬಿಚ್ಚಿದ್ದೇ ಆಯಿತಲ್ಲ ಅಂತ ಒಂದನೇ ಸಿಲಿಂಡರಿನದೂ ಬದಲಿಸಿದರು. ಏರ್ ಫಿಲ್ಟರ್ ಹೊಸದು, ಎರಡು ಪ್ಲಗ್ಗು ಹೊಸವು, ಕೂಲಿ ಎಲ್ಲಾ ಸೇರಿ 4,800 ರೂಪಾಯಿ. ಎರಡು ದಿನದ ಬಾಡಿಗೆ ಹೋಯಿತು, ಅದು ಬೇರೆ.

ಗಾಡಿ ಮಾರೋ ಮಾತು ಸದ್ಯಕ್ಕೆ ನಿಂತಿದೆ. ಅವ್ವ ಮಾತಾಡ್ತಿದ್ದಾಳೆ, ಆದರೆ ಆ ಪ್ಲಾಸ್ಟಿಕ್ ಚೀಲ ಮನೆಯೊಳಗೆ ಬೇಡ ಅಂತ ಹೇಳಿ ಗಾಡಿಯ ಸೀಟಿನ ಹಿಂದೆ ಇಡಿಸಿದ್ದಾಳೆ. ದೇವದುರ್ಗದ ಹುಡುಗನ ಕಾಕಾ ಮೊನ್ನೆ ಗಂಜಿನಲ್ಲಿ ಸಿಕ್ಕಿದ್ದರಂತೆ; ಬೇರೆ ಒಂದು ಗಾಡಿ ನೋಡಿದ್ದಾರೆ, ತಗೋಳ್ಳೋಕೆ ಮುಂಚೆ ಅಪ್ಪ ಒಮ್ಮೆ ಬಂದು ಪ್ಲಗ್ ಬಿಚ್ಚಿ ನೋಡಬೇಕಂತೆ. ಅಪ್ಪ ಚಾಚಾನ್ನೂ ಕರ್ಕೊಂಡು ಹೋಗ್ತಾರಂತೆ.

ನಾನು ಹಾಸ್ಟೆಲ್ಲಿಗೆ ವಾಪಸ್ ಬಂದು ಎರಡು ತಿಂಗಳಾಯಿತು. ಹೋದ ಭಾನುವಾರ ಅಪ್ಪ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದರು. ಅಂಗೈ ಮೇಲೆ ಎರಡು ಪ್ಲಗ್ಗು, ಆರು ಸಾವಿರ ಕಿಲೋಮೀಟರ್ ಓಡಿದವು. ಒಂದನೇದು ಬಿಸ್ಕತ್ತಿನ ಬಣ್ಣ. ಎರಡನೇದು ಅದಕ್ಕಿಂತ ಒಂದು ಚೂರು ಗಾಢ, ಆದರೆ ಒಣಗಿದೆ. ಕೆಳಗೆ ವಾಯ್ಸ್ ಮೆಸೇಜು: "ಆಯಿಲ್ ಅರ್ಧ ಲೀಟರ್ ಹಾಕೀನಿ ಅಷ್ಟ. ಸಂದು ನೋಡಿ ಹೇಳು, ಇನ್ನೂ ಓಡಸ್ಲೋ ಬ್ಯಾಡೋ." ಫೋಟೋ ಝೂಮ್ ಮಾಡಿ ನೋಡಿದೆ. ಫೋಟೋದಲ್ಲಿ ಸಂದು ಅಳೆಯೋಕೆ ಆಗೋದಿಲ್ಲ ಅಪ್ಪ, ಚಾಚಾ ಹತ್ತಿರ ಗೇಜ್ ಹಾಕಿಸಿ ನೋಡು, ಅಲ್ಲೀತನ ಓಡಿಸು ಅಂತ ಹೇಳಿದೀನಿ.